ಬೋಲ್ಟು ಸಣ್ಣದು, ಜೀವ ದೊಡ್ಡದು

ಸಂತೆಗೆ ತರಕಾರಿ ಒಯ್ಯುವ ಹಳೇ ಪಿಕಪ್ ಗಾಡಿ ನೋಡಿದ್ದೀರಲ್ಲ? ಅಂಥ ಅನೇಕ ಗಾಡಿಗಳ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುತ್ತದೆ. ಚಕ್ರದ ಜೊತೆ ಕಬ್ಬಿಣದ ತಟ್ಟೆ ತಿರುಗುತ್ತದೆ. ಬ್ರೇಕ್ ಒತ್ತಿದರೆ ಕ್ಯಾಲಿಪರ್ ಆ ತಟ್ಟೆಯನ್ನು ಇಕ್ಕಳದಂತೆ ಹಿಡಿಯುತ್ತದೆ. ಕ್ಯಾಲಿಪರನ್ನು ಹಿಡಿದಿರುವುದು ಬೋಲ್ಟು.

ಬೋಲ್ಟಿನ ಮೈಮೇಲೆ, ತೂತಿನ ಒಳಗೆ ಸುರುಳಿ ಗೆರೆಗಳಿವೆ. ಇದೇ ಥ್ರೆಡ್. ತುಕ್ಕು ಹಿಡಿದರೆ, ಓರೆಯಾಗಿ ತಿರುಗಿಸಿದರೆ, ಅತಿಯಾಗಿ ಬಿಗಿದರೆ ಥ್ರೆಡ್ ಹಾಳಾಗುತ್ತದೆ. ಆಗ ಬೋಲ್ಟು ಸುಮ್ಮನೆ ಸುತ್ತುತ್ತದೆ, ಬಿಗಿಯಾಗೋದಿಲ್ಲ.

“ದಾರ ಸುತ್ತಿ ಹಾಕು, ನಡೆಯುತ್ತೆ” ಅನ್ನಬೇಡಿ. ಬೋಲ್ಟು ಕಳಚಿದರೆ ಇಳಿಜಾರಿನಲ್ಲಿ ಬ್ರೇಕ್ ಕೈ ಕೊಡುತ್ತದೆ. ಗಾಡಿಯಲ್ಲಿ ಕೂತವರ ಗತಿ ಏನು?

ಇದಕ್ಕೆ ರಿಪೇರಿ ಇದೆ. ಹೊಸ ಬೋಲ್ಟು ಹಾಕಿದರೂ ಸುತ್ತಿದರೆ, ತೂತಿನ ಥ್ರೆಡ್ಡೇ ಹೋಗಿದೆ ಎಂದರ್ಥ. ಮೆಕ್ಯಾನಿಕ್ ಡ್ರಿಲ್ಲಿನಿಂದ ತೂತನ್ನು ನೇರವಾಗಿ, ಸ್ವಲ್ಪ ದೊಡ್ಡದು ಮಾಡುತ್ತಾರೆ. ಟ್ಯಾಪ್ ಹಾಕಿ ಹೊಸ ಥ್ರೆಡ್ ಕೊರೆಯುತ್ತಾರೆ. ಪುಡಿಯನ್ನೆಲ್ಲ ತೆಗೆಯುತ್ತಾರೆ. ಒಳಗೆ ಉಕ್ಕಿನ ತಂತಿಯ ಸುರುಳಿ ಕೂರಿಸುತ್ತಾರೆ. ಅದರ ಹೆಸರು ಹೆಲಿಕಾಯಿಲ್. ಅದರೊಳಗೆ ಮೊದಲಿನ ಅಳತೆಯ ಹೊಸ ಬೋಲ್ಟು ಹಿಡಿಯುತ್ತದೆ. ತೂತಿನ ಬಳಿ ಬಿರುಕು ಬಿಟ್ಟಿದ್ದರೆ ಆ ಭಾಗವನ್ನೇ ಬದಲಿಸಬೇಕು.

ಕೊನೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಎಷ್ಟು ಬಿಗಿಯಬೇಕು ಎಂಬ ಅಂಕಿ ಗಾಡಿಯ ರಿಪೇರಿ ಪುಸ್ತಕದಲ್ಲಿ ಇರುತ್ತದೆ. ಈಗ ನಿಮಗೆ ಅಂಕಿ ಓದಲು ಬರುತ್ತದೆ. ಕೇಳಿ, ನೋಡಿ, ಆಮೇಲೆ ಗಾಡಿ ಹತ್ತಿ.