ಶಾಖೆಗಳಿಂದ ಫೈಲ್ ರವಾನೆ: ಪಾಸ್‌ವರ್ಡ್ ಬದಲು ಕ್ಲೈಂಟ್ ಸರ್ಟಿಫಿಕೇಟ್



ವಾಸ್ಕೊ, ಮಡಗಾಂವ, ಫೋಂಡಾ, ಮಾಪುಸಾ, ಕಾರವಾರ ಈ ಐದು ಕಡೆಯಿಂದ ಸದಸ್ಯತ್ವದ ಅರ್ಜಿಗಳು ಮತ್ತು ಮಕ್ಕಳ ವಿದ್ಯಾರ್ಥಿವೇತನದ ಕಾಗದಪತ್ರಗಳು ಪಣಜಿಯ ನಮ್ಮ ಸರ್ವರಿಗೆ ಬರುತ್ತವೆ. ಜೊತೆಗೆ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಬಾಡಿಗೆ ಕರಾರು. ವಿಜಯಪುರ, ಬಾಗಲಕೋಟೆ, ಗದಗದ ಕಡೆಯಿಂದ ದುಡಿಯಲು ಬಂದ ಎಷ್ಟೋ ಕುಟುಂಬಗಳ ಬಳಿ ಇಲ್ಲಿನ ವಿಳಾಸಕ್ಕೆ ಇರುವ ಆಧಾರ ಇಷ್ಟೇ. ನಮ್ಮನ್ನು ನಂಬಿ ಕೊಟ್ಟಿದ್ದಾರೆ.

ಇಲ್ಲಿಯವರೆಗೆ ಐದೂ ಶಾಖೆಗಳಿಗೆ ಒಂದೇ ಪಾಸ್‌ವರ್ಡ್ ಇತ್ತು. ಸಾಲದ್ದಕ್ಕೆ ಅದನ್ನು ಫೈಲ್ ಕಳುಹಿಸುವ ಪ್ರೋಗ್ರಾಮಿನ ಒಳಗೇ ಬರೆದಿಟ್ಟಿದ್ದೆವು. ಒಬ್ಬ ಕಾರ್ಯಕರ್ತರು ಹಳೆಯ ಲ್ಯಾಪ್‌ಟಾಪ್ ಮಾರಿದ ಮೇಲೆ ನಮಗೆ ಎಚ್ಚರವಾಯಿತು. ತರಾತುರಿಯಲ್ಲಿ ಪಾಸ್‌ವರ್ಡ್ ಬದಲಿಸಿದೆವು. ಆ ಭಾನುವಾರ ಎರಡು ಶಾಖೆಗಳ ಅರ್ಜಿಗಳು ಬರಲೇ ಇಲ್ಲ. ಆದ್ದರಿಂದ ಈಗ ಕ್ಲೈಂಟ್ ಸರ್ಟಿಫಿಕೇಟ್ ಪದ್ಧತಿಗೆ ಬಂದಿದ್ದೇವೆ.

ಬ್ರೌಸರಿನಲ್ಲಿ ಬ್ಯಾಂಕಿನ ಪುಟ ತೆರೆದಾಗ ಬ್ಯಾಂಕು ತನ್ನ ಸರ್ಟಿಫಿಕೇಟ್ ತೋರಿಸುತ್ತದೆ, ನಾವು ತೋರಿಸುವುದಿಲ್ಲ. ಹೊಸ ಪದ್ಧತಿಯಲ್ಲಿ ಇಬ್ಬರೂ ತೋರಿಸಬೇಕು. ಹನುಮಂತ ರಾಮನ ಮುದ್ರೆಯುಂಗುರ ತೋರಿಸಿದ, ಸೀತೆ ಚೂಡಾಮಣಿ ಕೊಟ್ಟು ಕಳುಹಿಸಿದಳು. ಎರಡು ಕಡೆಯ ಗುರುತೂ ಆಯಿತು. ಒಂದೇ ವ್ಯತ್ಯಾಸ: ಇಲ್ಲಿ ಉಂಗುರ ಬೆರಳಿನಿಂದ ಕಳಚುವುದೇ ಇಲ್ಲ, ಅದರ ಅಚ್ಚು ಮಾತ್ರ ಆಚೆ ಹೋಗುತ್ತದೆ. ಪ್ರತಿ ಸಲ ಸಂಪರ್ಕ ಆದಾಗಲೂ ಆ ಸಂಭಾಷಣೆಗೇ ಹೊಸದಾಗಿ ಶಾಖೆಯ ಕಂಪ್ಯೂಟರು ತನ್ನ ಖಾಸಗಿ ಕೀಲಿಯಿಂದ ಸಹಿ ಹಾಕುತ್ತದೆ. ನಿನ್ನೆಯ ಸಹಿಯನ್ನು ಕದ್ದವರಿಗೆ ಇಂದು ಅದರಿಂದ ಉಪಯೋಗವಿಲ್ಲ. 2018ರಲ್ಲಿ ಬಂದ ಟಿಎಲ್‌ಎಸ್ 1.3ರಲ್ಲಿ ಸರ್ಟಿಫಿಕೇಟ್ ಕೂಡ ಗೂಢಲಿಪಿಯಲ್ಲೇ ಹೋಗುವುದರಿಂದ, ಹೋಟೆಲಿನ ವೈಫೈ ಬಳಸಿದರೂ ಅದರಲ್ಲಿರುವ ಶಾಖೆಯ ಹೆಸರು ನಡುವಿನವರಿಗೆ ಕಾಣದು.

ಜಿಎಸ್‌ಟಿ ಅಥವಾ ಕಂಪನಿ ಲೆಕ್ಕ ಸಲ್ಲಿಸುವ ಸದಸ್ಯರು ಪೆನ್‌ಡ್ರೈವಿನಂಥ ಟೋಕನ್ ನೋಡಿರುತ್ತೀರಿ. ಹಿಂದಿನ ತತ್ವ ಒಂದೇ. ಆದರೆ ಅದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಪರವಾನಗಿ ಪಡೆದ ಸಂಸ್ಥೆ ಕೊಡುವ ಸಹಿ, ಕಾನೂನಿನ ಬಲವಿದೆ. ನಮ್ಮದು ನಾವೇ ಕೊಟ್ಟುಕೊಳ್ಳುವುದು. ನಮ್ಮ ಸರ್ವರಿನ ಬಾಗಿಲಿಗೆ ಮಾತ್ರ ನಡೆಯುತ್ತದೆ.

ಕೀಲಿಯನ್ನು ಶಾಖೆಯ ಕಂಪ್ಯೂಟರಿನಲ್ಲೇ ಓಪನ್‌ಎಸ್‌ಎಸ್‌ಎಲ್ ಬಳಸಿ ತಯಾರಿಸಬೇಕು. ಪಣಜಿಗೆ ಬರುವುದು ಸಹಿ ಕೋರುವ ಫೈಲ್ ಮಾತ್ರ. ನಾವು ಸಹಿ ಹಾಕಿ ಸರ್ಟಿಫಿಕೇಟ್ ಹಿಂದಿರುಗಿಸುತ್ತೇವೆ. ಖಾಸಗಿ ಕೀಲಿಯನ್ನು ವಾಟ್ಸಾಪಿನಲ್ಲಿ ಕಳುಹಿಸಬೇಡಿ, ನಾವೇ ಕೇಳಿದರೂ ಕಳುಹಿಸಬೇಡಿ.

ಪ್ರೋಗ್ರಾಮ್ ಬರೆಯುವ ನಮ್ಮ ಹುಡುಗ ಹುಡುಗಿಯರಿಗೆ ಒಂದೆರಡು ಮಾತು. ಪೈಥಾನಿನ ರಿಕ್ವೆಸ್ಟ್ಸ್ ಬಳಸಿದರೆ, ಫೈಲ್ ಕಳುಹಿಸುವ ಸಾಲಿಗೆ 'ಸರ್ಟ್' ಎಂಬುದನ್ನು ಸೇರಿಸಿ, ಸರ್ಟಿಫಿಕೇಟ್ ಮತ್ತು ಕೀಲಿಯ ಫೈಲುಗಳು ಎಲ್ಲಿವೆ ಎಂದು ತಿಳಿಸಿದರೆ ಸಾಕು. ಆದರೆ ಪಾಸ್‌ವರ್ಡ್ ಹಾಕಿ ಮುಚ್ಚಿದ ಕೀಲಿಯನ್ನು ಅದು ಓದುವುದಿಲ್ಲ. ಕೀಲಿ ತೆರೆದೇ ಇರುವುದರಿಂದ ಆ ಫೈಲಿನ ಅನುಮತಿ ಬಿಗಿಯಾಗಿರಲಿ: ಲಿನಕ್ಸಿನಲ್ಲಿ 600, ಅಂದರೆ ಮಾಲೀಕರಿಗೆ ಮಾತ್ರ. ಕೀಲಿಯನ್ನು ಕೋಡಿನ ಫೋಲ್ಡರಿನಲ್ಲಿ ಇಟ್ಟು ಗಿಟ್‌ಹಬ್‌ಗೆ ಏರಿಸಬೇಡಿ.

ಇನ್ನೊಂದು ತಪ್ಪನ್ನು ನಾವೇ ಮಾಡಿದ್ದೆವು. ಪರೀಕ್ಷೆ ಮಾಡುವಾಗ ದೋಷ ಬಂತೆಂದು 'ವೆರಿಫೈ' ಎಂಬುದನ್ನು 'ಫಾಲ್ಸ್' ಮಾಡಿ, ಹಾಗೇ ಬಿಟ್ಟಿದ್ದೆವು. ಅಂದರೆ ನಮ್ಮ ಗುರುತು ತೋರಿಸುತ್ತಿದ್ದೆವು, ಎದುರಿಗಿರುವ ಸರ್ವರು ನಮ್ಮದೇ ಹೌದೋ ಎಂದು ನೋಡುತ್ತಿರಲಿಲ್ಲ. ಆಧಾರ್ ಪ್ರತಿಗಳನ್ನು ಯಾರ ಕೈಗೆ ಬೇಕಾದರೂ ಇಡಲು ಅಷ್ಟು ಸಾಕು.

ಸರ್ವರಿನ ಕಡೆ ಎನ್‌ಜಿನ್‌ಎಕ್ಸ್‌ನಲ್ಲಿ ಕ್ಲೈಂಟ್ ತಪಾಸಣೆ 'ಆನ್' ಇರಬೇಕು. 'ಆಪ್ಷನಲ್' ಎಂದಿದ್ದರೆ ಸರ್ಟಿಫಿಕೇಟ್ ಇಲ್ಲದವರ ಕೋರಿಕೆಯೂ ಒಳಗೆ ಬರುತ್ತದೆ, ತಡೆಯುವ ಹೊಣೆ ಕೋಡಿನ ಮೇಲೆ ಬೀಳುತ್ತದೆ. ಸರ್ಟಿಫಿಕೇಟ್ ಸರಿ ಇದ್ದ ಮಾತ್ರಕ್ಕೆ ಎಲ್ಲ ಫೋಲ್ಡರು ತೆರೆಯಬಾರದು. ವಾಸ್ಕೊದ ಹೆಸರಿದ್ದರೆ ವಾಸ್ಕೊದ ಫೋಲ್ಡರು ಮಾತ್ರ ಎಂಬ ನಿಯಮ ಬೇರೆಯಾಗಿ ಬರೆದಿದ್ದೇವೆ.

ಪ್ರತಿ ಸರ್ಟಿಫಿಕೇಟಿನ ಅವಧಿ ಒಂದು ವರ್ಷ. ಮುಗಿದ ಮರುದಿನ ಪ್ರೋಗ್ರಾಮ್ 400 ಎಂಬ ದೋಷ ತೋರಿಸಿ ನಿಲ್ಲುತ್ತದೆ. ಇಂಟರ್ನೆಟ್ ಕೆಟ್ಟಿದೆ ಎಂದುಕೊಂಡು ರೂಟರ್ ಆಫ್ ಮಾಡಿ ಆನ್ ಮಾಡುತ್ತಾ ಕೂರಬೇಡಿ. ಒಂದು ತಿಂಗಳು ಮೊದಲೇ ನಾವು ಕಾರ್ಯದರ್ಶಿಗಳಿಗೆ ಫೋನ್ ಮಾಡುತ್ತೇವೆ.

ಲ್ಯಾಪ್‌ಟಾಪ್ ಕಳೆದರೆ, ಮಾರಿದರೆ, ರಿಪೇರಿಗೆ ಕೊಟ್ಟರೂ ಅದೇ ದಿನ ತಿಳಿಸಿ. ಆ ಒಂದು ಸರ್ಟಿಫಿಕೇಟನ್ನು ರದ್ದಾದವುಗಳ ಪಟ್ಟಿಗೆ ಸೇರಿಸುತ್ತೇವೆ. ಉಳಿದ ನಾಲ್ಕು ಶಾಖೆಗಳ ಕೆಲಸ ನಿಲ್ಲುವುದಿಲ್ಲ. ಮೊದಲ ಕೀಲಿ ಮಾಡಿಸಿಕೊಳ್ಳಲು ಮುಂದಿನ ಮಾಸಿಕ ಸಭೆಗೆ ಶಾಖೆಯ ಲ್ಯಾಪ್‌ಟಾಪನ್ನೇ ತನ್ನಿ. ಪೆನ್‌ಡ್ರೈವ್ ಮಾತ್ರ ತಂದರೆ ಆಗದು.

– ತಾಂತ್ರಿಕ ಸಮಿತಿ