ಗುಂಡು ತಾಗದೆಯೂ ಬೀಳುವ ಯುದ್ಧವಿಮಾನ

ಕಂಪ್ಯೂಟರ್‌ನಲ್ಲಿ ಯುದ್ಧವಿಮಾನದ ಆಟ ಅಂದರೆ ಬರೀ ಗುಂಡು ಹಾರಿಸುವ ಗಲಾಟೆ ಅಂತಲೇ ನಮ್ಮ ಹೆಚ್ಚಿನ ಮನೆಗಳಲ್ಲಿ ಲೆಕ್ಕ. ಆದರೆ ಎರಡನೇ ಮಹಾಯುದ್ಧದ ವಿಮಾನಗಳನ್ನು ಇದ್ದ ಹಾಗೆಯೇ ಓಡಿಸಲು ಕಲಿಸುವ ಆಟಗಳೂ ಉಂಟು. ಅಲ್ಲಿ ಶತ್ರು ಕಣ್ಣಿಗೆ ಬೀಳುವ ಮೊದಲೇ ನಮ್ಮನ್ನು ಸೋಲಿಸುವುದು ನಮ್ಮದೇ ಎಂಜಿನ್.

‘ಡಿಸಿಎಸ್ ವರ್ಲ್ಡ್’ ಆಟದ ಪಿ-51ಡಿ ಮಸ್ಟಾಂಗನ್ನೇ ನೋಡೋಣ. ಅಮೆರಿಕದ ಈ ವಿಮಾನದಲ್ಲಿದ್ದದ್ದು ರೋಲ್ಸ್-ರಾಯ್ಸ್ ಮೆರ್ಲಿನ್ ಎಂಜಿನ್; ಅಮೆರಿಕದಲ್ಲೇ ಪ್ಯಾಕರ್ಡ್ ಕಂಪೆನಿ ತಯಾರಿಸಿದ್ದು. 12 ಸಿಲಿಂಡರ್, 27 ಲೀಟರ್. ಪೈಲಟ್‌ನ ಎಡಗೈಗೆ ಮೂರು ಲಿವರ್. ಥ್ರಾಟಲ್ ಎಂಜಿನ್ ಒಳಗಿನ ಗಾಳಿಯ ಒತ್ತಡಕ್ಕೆ, ಇನ್ನೊಂದು ನಿಮಿಷಕ್ಕೆ ಎಷ್ಟು ಸುತ್ತು ಎಂಬುದಕ್ಕೆ, ಮತ್ತೊಂದು ಪೆಟ್ರೋಲ್-ಗಾಳಿಯ ಮಿಶ್ರಣಕ್ಕೆ.

ಶಕ್ತಿ ಬೇಕಾದಾಗ ಮೊದಲು ಸುತ್ತು ಏರಿಸಬೇಕು, ಆಮೇಲೆ ಥ್ರಾಟಲ್. ಇಳಿಸುವಾಗ ಉಲ್ಟಾ. ಚಾರ್ಮಾಡಿ ಘಾಟಿಯನ್ನು ಟಾಪ್ ಗೇರಿನಲ್ಲೇ ಆಕ್ಸಿಲೇಟರ್ ಒತ್ತಿ ಹತ್ತಲು ಹೋದರೆ ಎಂಜಿನ್ ಟಕಟಕ ಅಂತ ಬಡಿದುಕೊಳ್ಳುತ್ತದಲ್ಲ, ಇಲ್ಲಿಯೂ ಅದೇ ಕಥೆ. ಸುತ್ತು ಕಡಿಮೆ, ಒತ್ತಡ ಜಾಸ್ತಿ ಆದರೆ ಸಿಲಿಂಡರ್ ಒಳಗೆ ಇಂಧನ ಹೊತ್ತಲ್ಲದ ಹೊತ್ತಿಗೆ ಸ್ಫೋಟಿಸಿ ಪಿಸ್ಟನ್ನೇ ಹಾಳಾಗುತ್ತದೆ.

ಲೆಕ್ಕವೂ ಕಟ್ಟುನಿಟ್ಟು. ಹೊರಗಿನ ಗಾಳಿಯ ಒತ್ತಡ ಸುಮಾರು 30 ಇಂಚು. ಮಸ್ಟಾಂಗಿಗೆ ಟೇಕಾಫ್‌ನಲ್ಲಿ 61 ಇಂಚು, 3,000 ಸುತ್ತು. ಎಷ್ಟು ಹೊತ್ತು ಬೇಕಾದರೂ ಓಡಿಸಬಹುದಾದದ್ದು 46 ಇಂಚು, 2,700 ಸುತ್ತು ಮಾತ್ರ. ಜೀವಕ್ಕೇ ಬಂತು ಅಂತಾದರೆ ತೆಳು ತಂತಿಯ ತಡೆಯನ್ನು ಮುರಿದು ಲಿವರ್ ಮುಂದೆ ದೂಡಬೇಕು. ಆಗ 67 ಇಂಚು, ಅದೂ 5 ನಿಮಿಷಕ್ಕೆ. ಎಂಜಿನ್ ತಂಪು ಮಾಡುವ ನೀರಿನ ಬಿಸಿ 121 ಡಿಗ್ರಿ ದಾಟುವಂತಿಲ್ಲ. ನಿಧಾನ ವೇಗದಲ್ಲಿ ಪೂರ್ತಿ ಶಕ್ತಿ ಕೊಟ್ಟು ಮೇಲೇರುತ್ತಲೇ ಇದ್ದರೆ ರೇಡಿಯೇಟರಿಗೆ ಸಾಕಷ್ಟು ಗಾಳಿ ಸಿಗುವುದಿಲ್ಲ, ಎಂಜಿನ್ ಕಾದು ಕೆಡುತ್ತದೆ.

ಜರ್ಮನರ ಫೋಕೆವುಲ್ಫ್ 190ರಲ್ಲಿ ಈ ತಲೆಬಿಸಿ ಕಡಿಮೆ. ಪೈಲಟ್ ಒಂದೇ ಲಿವರ್ ಆಡಿಸಿದರೆ ಸಾಕು, ಸುತ್ತು, ಮಿಶ್ರಣ ಎಲ್ಲವನ್ನೂ ‘ಕೊಮಾಂಡೊಗೆರೆಟ್’ ಎಂಬ ಯಂತ್ರವೇ ಹೊಂದಿಸುತ್ತಿತ್ತು.

ಆಟಗಾರರ ನಡುವೆ ಒಂದು ಜಗಳವೂ ಉಂಟು. ‘ಐಎಲ್-2 ಗ್ರೇಟ್ ಬ್ಯಾಟಲ್ಸ್’ ಆಟದಲ್ಲಿ ತುರ್ತು ಶಕ್ತಿಯ ಅವಧಿ ಮೀರಿದರೆ ಎಂಜಿನ್ ಕೆಡುವ ಹಾಗೆ ಮಾಡಿದ್ದರು. ಆದರೆ ಕೈಪಿಡಿಯ 5 ನಿಮಿಷ ಅಂದರೆ ಆರನೇ ನಿಮಿಷಕ್ಕೆ ಎಂಜಿನ್ ಒಡೆಯುತ್ತದೆ ಅಂತ ಅರ್ಥವಲ್ಲ, ಅದು ಎಂಜಿನ್ ಹೆಚ್ಚು ಕಾಲ ಬಾಳಲಿ ಅಂತ ಹಾಕಿದ ಮಿತಿ. ಈ ವಾದದಲ್ಲಿ ಹುರುಳುಂಟು ಅಂತ ನಮಗೂ ಅನಿಸುತ್ತದೆ. ಗಡಿಯಾರ ನೋಡಿ ಕೆಡುವ ಎಂಜಿನ್‌ಗಿಂತ ಬಿಸಿಗೆ, ತಪ್ಪು ಬಳಕೆಗೆ ಕೆಡುವ ಎಂಜಿನ್ನೇ ನಿಜಕ್ಕೆ ಹತ್ತಿರ.

ಮನೆಯ ಮಕ್ಕಳು ಕೇಳಿದರೆ ಒಂದು ದಾರಿ ಹೇಳುತ್ತೇವೆ. ಡಿಸಿಎಸ್ ವರ್ಲ್ಡ್ ಜೊತೆ ಟಿಎಫ್-51ಡಿ ಎಂಬ ತರಬೇತಿ ಮಸ್ಟಾಂಗ್ ಉಚಿತವಾಗಿ ಸಿಗುತ್ತದೆ. ಕಂಪ್ಯೂಟರ್ ಮಾತ್ರ ಸ್ವಲ್ಪ ಗಟ್ಟಿಯದ್ದೇ ಬೇಕು. ಆ ವಿಮಾನದಲ್ಲಿ ಬಂದೂಕು ಇಲ್ಲ. ಇರುವುದು ಎಂಜಿನ್, ಮೀಟರ್‌ಗಳು ಮತ್ತು ಆಕಾಶ. ಮೊದಲು ಅದನ್ನು ಸುಡದೆ ಕೆಳಗಿಳಿಸಲು ಕಲಿಯಲಿ.