ಕಾಡಿಗೆ ಹೊರಟ ಕ್ಯಾಮೆರಾ

ಬೇಟೆಗಾರನಿಗೂ ವನ್ಯಪ್ರಾಣಿಗಳ ಚಿತ್ರ ತೆಗೆಯುವವನಿಗೂ ಎದುರಾಗುವ ತೊಡಕು ಒಂದೇ ಬಗೆಯದು. ಇಬ್ಬರೂ ಪ್ರಾಣಿಯ ಸಮೀಪಕ್ಕೆ ಹೋಗಬೇಕು. ಇಬ್ಬರ ಬರವೂ ಪ್ರಾಣಿಗೆ ತಿಳಿಯಬಾರದು. ಆದರೆ ಗುಂಡು ತಗುಲಿದೊಡನೆ ಬೇಟೆಗಾರನ ಕೆಲಸ ಮುಗಿಯಿತು. ಛಾಯಾಗ್ರಾಹಕನ ಕೆಲಸ ಹಾಗಲ್ಲ. ಅವನು ಬಂದು, ಚಿತ್ರ ತೆಗೆದು, ಹಿಂದಿರುಗಿದ ಮೇಲೂ ಜಿಂಕೆ ಮೇಯುತ್ತಲೇ ಇರಬೇಕು. ಹಕ್ಕಿ ತನ್ನ ಮೊಟ್ಟೆಗಳ ಮೇಲೆ ಕುಳಿತೇ ಇರಬೇಕು. ಹಾಗಾದರೆ ಮಾತ್ರ ಅವನು ಗೆದ್ದನೆಂದು ಹೇಳಬಹುದು.

ದೂರದಲ್ಲಿದ್ದುಕೊಂಡೇ ಹತ್ತಿರದ ಚಿತ್ರವನ್ನು ಪಡೆಯುವುದು ಹೇಗೆ? ಕಳೆದ ಸುಮಾರು 130 ವರ್ಷಗಳ ವನ್ಯಜೀವಿ ಛಾಯಾಗ್ರಹಣದ ಇತಿಹಾಸವು ಈ ಒಂದು ಪ್ರಶ್ನೆಗೆ ಮನುಷ್ಯನು ಕಂಡುಕೊಂಡ ಉತ್ತರಗಳ ಇತಿಹಾಸವೇ ಆಗಿದೆ. ಗಾಜಿನ ಫಲಕದ ಕ್ಯಾಮೆರಾದಿಂದ ಇಂದಿನ ಡ್ರೋನಿನವರೆಗೆ ಉಪಕರಣಗಳು ಬದಲಾಗಿವೆ; ಅವುಗಳ ಹಿಂದಿರುವ ಭೌತಶಾಸ್ತ್ರದ ನಿಯಮಗಳು ಮಾತ್ರ ಹಾಗೆಯೇ ಇವೆ.

ಟೊಳ್ಳು ಎತ್ತು, ಎಳೆದ ತಂತಿ

ಮೊದಲನೆಯ ಉತ್ತರ ಮರೆಯಲ್ಲಿ ಅಡಗುವುದು. ಇಂಗ್ಲೆಂಡಿನ ರಿಚರ್ಡ್ ಕೀರ್ಟನ್ ಮತ್ತು ಚೆರಿ ಕೀರ್ಟನ್ ಎಂಬ ಸೋದರರು 1892ರಲ್ಲಿ ಲಂಡನ್ನಿನ ಸಮೀಪ ಮೊಟ್ಟೆಗಳಿದ್ದ ಒಂದು ಹಕ್ಕಿಗೂಡಿನ ಛಾಯಾಚಿತ್ರವನ್ನು ತೆಗೆದರು. ಅಲ್ಲಿಂದ ಮುಂದೆ ಅವರಿಗೆ ಹಕ್ಕಿಗಳ ಬೆನ್ನು ಹತ್ತುವುದೇ ಬದುಕಾಯಿತು. ಆ ಕಾಲದ ಮಸೂರಗಳು ದೂರದ ವಸ್ತುವನ್ನು ದೊಡ್ಡದಾಗಿ ತೋರಿಸುತ್ತಿರಲಿಲ್ಲ. ಗೂಡಿನಿಂದ ಕೆಲವೇ ಮೊಳ ದೂರದಲ್ಲಿ ಕ್ಯಾಮೆರಾ ಇರಬೇಕಾಗಿತ್ತು. ಹೊಲದಲ್ಲಿ ಮೇಯುವ ದನಕ್ಕೆ ಹಕ್ಕಿಗಳು ಹೆದರುವುದಿಲ್ಲವೆಂಬುದನ್ನು ಗಮನಿಸಿದ ಸೋದರರು ಎತ್ತಿನ ತೊಗಲಿನಿಂದ ಒಂದು ಟೊಳ್ಳು ಎತ್ತನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ಕುಳಿತು ಚಿತ್ರ ತೆಗೆದರು!

ಎರಡನೆಯ ಉತ್ತರ ಇನ್ನೂ ಚಮತ್ಕಾರದ್ದು: ಪ್ರಾಣಿಯೇ ತನ್ನ ಚಿತ್ರವನ್ನು ತೆಗೆದುಕೊಳ್ಳುವಂತೆ ಮಾಡುವುದು. ಅಮೆರಿಕದ ಜಾರ್ಜ್ ಶೈರಾಸ್ ಎಂಬ ವಕೀಲನು ಪ್ರಾಣಿಗಳು ತಿರುಗಾಡುವ ದಾರಿಗೆ ಅಡ್ಡಲಾಗಿ ತಂತಿಯನ್ನು ಎಳೆದು, ಅದನ್ನು ಕ್ಯಾಮೆರಾಕ್ಕೂ ಮೆಗ್ನೀಸಿಯಮ್ ಪುಡಿ ತುಂಬಿದ ದೀಪಕ್ಕೂ ಜೋಡಿಸಿದನು. ಕತ್ತಲಲ್ಲಿ ಬಂದ ಪ್ರಾಣಿ ತಂತಿಯನ್ನು ಎಡವಿದೊಡನೆ ಪುಡಿ ಭಗ್ಗೆಂದು ಹೊತ್ತಿಕೊಳ್ಳುತ್ತಿತ್ತು, ಚಿತ್ರವೂ ಮೂಡುತ್ತಿತ್ತು. ಅವನ 74 ಚಿತ್ರಗಳನ್ನು ‘ನ್ಯಾಷನಲ್ ಜಿಯೋಗ್ರಾಫಿಕ್’ ಪತ್ರಿಕೆ 1906ರಲ್ಲಿ ಪ್ರಕಟಿಸಿತು.

ನಮ್ಮ ದೇಶದಲ್ಲಿ ಇದೇ ಹಾದಿ ಹಿಡಿದವನು ಉತ್ತರದ ಸಂಯುಕ್ತ ಪ್ರಾಂತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್. ಹುಲಿಯನ್ನು ಕೊಂದು ಅದರ ಮೇಲೆ ಕಾಲಿಟ್ಟು ಚಿತ್ರ ತೆಗೆಸಿಕೊಳ್ಳುವುದೇ ದೊಡ್ಡಸ್ತಿಕೆಯಾಗಿದ್ದ ಆ ದಿನಗಳಲ್ಲಿ, ಅವನು ಬದುಕಿರುವ ಹುಲಿ ರಾತ್ರಿ ತನ್ನ ದಾರಿಯಲ್ಲಿ ನಡೆಯುವುದನ್ನು ತಂತಿಯ ನೆರವಿನಿಂದ ಚಿತ್ರಿಸಿದನು. ಅವನ ‘ವಿತ್ ಎ ಕ್ಯಾಮೆರಾ ಇನ್ ಟೈಗರ್‌ಲ್ಯಾಂಡ್’ ಎಂಬ ಪುಸ್ತಕ 1927ರಲ್ಲಿ ಹೊರಬಂದಿತು. ಒಂದು ಹುಲಿಯ ಪಟ್ಟೆ ಇನ್ನೊಂದರ ಪಟ್ಟೆಯಂತಿರುವುದಿಲ್ಲವೆಂಬ ಅಂಶವೂ ಈ ಚಿತ್ರಗಳನ್ನು ಹೋಲಿಸಿ ನೋಡಿದಾಗ ಅವನಿಗೆ ಮನದಟ್ಟಾಯಿತು. ಈ ಸಣ್ಣ ಅಂಶ ಮುಂದೆ ಎಷ್ಟು ದೊಡ್ಡ ಫಲವನ್ನು ಕೊಟ್ಟಿತೆಂಬುದನ್ನು ಕೊನೆಯಲ್ಲಿ ನೋಡೋಣ.

ಉದ್ದನೆಯ ಮಸೂರದ ಲೆಕ್ಕ

ಮೂರನೆಯ ಉತ್ತರ ದೂರಚಿತ್ರಕ ಮಸೂರ. ಇದರ ಲೆಕ್ಕವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಹುದು. ದೂರದ ವಸ್ತುವಿನ ಬಿಂಬದ ಎತ್ತರವನ್ನು ತಿಳಿಯಲು ವಸ್ತುವಿನ ಎತ್ತರವನ್ನು ಮಸೂರದ ಸಂಗಮದೂರದಿಂದ ಗುಣಿಸಿ, ವಸ್ತುವಿಗಿರುವ ದೂರದಿಂದ ಭಾಗಿಸಿದರೆ ಸಾಕು. ಒಂದು ಮೀಟರ್ ಎತ್ತರದ ಹುಲಿ 50 ಮೀಟರ್ ದೂರದಲ್ಲಿದೆ ಎನ್ನೋಣ. ಸಾಮಾನ್ಯ ಕ್ಯಾಮೆರಾದ 50 ಮಿಲಿಮೀಟರ್ ಮಸೂರದಿಂದ ದೊರೆಯುವ ಬಿಂಬ ಕೇವಲ ಒಂದು ಮಿಲಿಮೀಟರ್. ಫಿಲ್ಮಿನ ಚೌಕಟ್ಟಿನ ಎತ್ತರ 24 ಮಿಲಿಮೀಟರ್ ಇರುವಾಗ ಈ ಹುಲಿ ಇರುವೆಯಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. 400 ಮಿಲಿಮೀಟರ್ ಮಸೂರವನ್ನು ಜೋಡಿಸಿದರೆ ಬಿಂಬ 8 ಮಿಲಿಮೀಟರ್ ಆಗುತ್ತದೆ. ಚೌಕಟ್ಟಿನ ಮೂರರಲ್ಲೊಂದು ಭಾಗವನ್ನು ಹುಲಿ ತುಂಬುತ್ತದೆ.

ಆದರೆ ಪ್ರಕೃತಿ ಯಾವುದನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ಬಿಂಬ ಎಂಟು ಪಾಲು ಹಿಗ್ಗಿದಾಗ ಕೈಯ ನಡುಕವೂ ಎಂಟು ಪಾಲು ಹಿಗ್ಗುತ್ತದೆ. ಹಾರುವ ಹಕ್ಕಿಯ ಪಾಡು ಇನ್ನೂ ಕಷ್ಟದ್ದು. ಸೆಕೆಂಡಿಗೆ 10 ಮೀಟರ್ ವೇಗದಿಂದ 40 ಮೀಟರ್ ದೂರದಲ್ಲಿ ಅಡ್ಡಲಾಗಿ ಹಾರುವ ಹಕ್ಕಿಯ ಬಿಂಬವು ಇದೇ ಮಸೂರದ ಹಿಂದೆ ಸೆಕೆಂಡಿಗೆ 100 ಮಿಲಿಮೀಟರ್ ಓಡುತ್ತದೆ. ಷಟರ್ ಸೆಕೆಂಡಿನ 500ರಲ್ಲೊಂದು ಪಾಲು ಕಾಲ ತೆರೆದಿದ್ದರೂ ಬಿಂಬ 0.2 ಮಿಲಿಮೀಟರ್ ಸರಿದು ಮಸುಕಾಗುತ್ತದೆ. ಆದುದರಿಂದಲೇ ಅನುಭವಿಗಳು ಹಕ್ಕಿಯ ಜೊತೆಜೊತೆಗೇ ಕ್ಯಾಮೆರಾವನ್ನು ತಿರುಗಿಸುತ್ತಾರೆ. ಆಗ ಹಕ್ಕಿಯ ಬಿಂಬ ಫಿಲ್ಮಿನ ಮೇಲೆ ನಿಲ್ಲುತ್ತದೆ. ಹಿನ್ನೆಲೆಯ ಮರಗಳು ಮಾತ್ರ ಗೆರೆಗಳಾಗಿ ಹರಿಯುತ್ತವೆ.

ಬೆಳ್ಳಿಯ ಕಣಗಳು

ಫಿಲ್ಮಿನ ಮೇಲಿರುವುದು ಜೆಲಟಿನ್ನಿನಲ್ಲಿ ಹರಡಿದ ಬೆಳ್ಳಿಯ ಬ್ರೋಮೈಡಿನ ಅತಿಸೂಕ್ಷ್ಮ ಹರಳುಗಳು. ಬೆಳಕು ತಾಕಿದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಬೇರ್ಪಟ್ಟು ಒಂದೆಡೆ ಸೇರುತ್ತವೆ. ಇದು ಕಣ್ಣಿಗೆ ಕಾಣದ ಸುಪ್ತ ಬಿಂಬ. ಸಂಸ್ಕಾರಕ ದ್ರಾವಣದಲ್ಲಿ ಅದ್ದಿದಾಗ ಅಂತಹ ಹರಳು ಇಡಿಯಾಗಿ ಬೆಳ್ಳಿಯಾಗಿ ಪರಿವರ್ತನೆ ಹೊಂದುತ್ತದೆ. ಬೆಳಕು ತಾಕದ ಹರಳು ಹಾಗೆಯೇ ಉಳಿದು ಮುಂದೆ ತೊಳೆದುಹೋಗುತ್ತದೆ. ದೊಡ್ಡ ಹರಳು ಹೆಚ್ಚು ಬೆಳಕನ್ನು ಹಿಡಿಯಬಲ್ಲುದು. ಆದರೆ ಚಿತ್ರ ಒರಟಾಗುತ್ತದೆ. ಚಿಕ್ಕ ಹರಳು ನುಣುಪಾದ ಚಿತ್ರವನ್ನು ಕೊಡುತ್ತದೆ. ಆದರೆ ಅದಕ್ಕೆ ಬೆಳಕು ಧಾರಾಳವಾಗಿ ಬೇಕು.

ಇದರ ಪರಿಣಾಮವನ್ನು ಕಾಡಿನಲ್ಲಿ ನೋಡಬೇಕು. 25 ವೇಗಾಂಕದ ಫಿಲ್ಮಿಗೆ ಬಯಲಿನ ಬಿಸಿಲಿನಲ್ಲಿ ಎಫ್/5.6 ರಂಧ್ರದೊಡನೆ ಸೆಕೆಂಡಿನ 200ರಲ್ಲೊಂದು ಪಾಲು ಸಾಕು. ಮರಗಳ ನೆರಳಿನಲ್ಲಿ ಬೆಳಕು ಹದಿನಾರನೆಯ ಒಂದು ಪಾಲಿಗೆ ಇಳಿದರೆ, ಸೆಕೆಂಡಿನ 12ರಲ್ಲೊಂದು ಪಾಲು ಬೇಕಾಗುತ್ತದೆ. ಅಷ್ಟು ಹೊತ್ತು ಯಾವ ಜಿಂಕೆ ತಾನೆ ಕಿವಿಯನ್ನು ಅಲುಗಿಸದೆ ನಿಂತೀತು? 400 ವೇಗಾಂಕದ ಫಿಲ್ಮಾದರೆ ಮತ್ತೆ 200ರಲ್ಲೊಂದು ಪಾಲು ದಕ್ಕುತ್ತದೆ. ಇಂದಿನ ಡಿಜಿಟಲ್ ಕ್ಯಾಮೆರಾವನ್ನು 3200 ವೇಗಾಂಕಕ್ಕೆ ಇರಿಸಿದರೆ 1600ರಲ್ಲೊಂದು ಪಾಲೇ ದಕ್ಕುತ್ತದೆ.

ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ ಮೊದಲಾದವರು ಹೆಸರು ಪಡೆದದ್ದು ಫಿಲ್ಮಿನ ಕಾಲದಲ್ಲಿ. ಒಂದು ಸುರುಳಿಗೆ 36 ಚಿತ್ರಗಳು. ಸಂಸ್ಕರಿಸುವವರೆಗೆ ಫಲವೇನೆಂದು ತಿಳಿಯದು. ಆದುದರಿಂದ ಗುಂಡಿಯನ್ನು ಒತ್ತುವ ಮುನ್ನ ಪ್ರಾಣಿಯ ನಡವಳಿಕೆಯನ್ನು ಗಂಟೆಗಟ್ಟಲೆ ಗಮನಿಸುವುದು ಅನಿವಾರ್ಯವಾಗಿತ್ತು. ಇಂದೂ ಕೆಲವು ತರುಣರು ಹಳೆಯ ಕ್ಯಾಮೆರಾಗಳನ್ನು ಹುಡುಕಿ ಪ್ರವಾಸಕ್ಕೆ ಒಯ್ಯುತ್ತಿರುವುದಕ್ಕೆ ಈ ತಾಳ್ಮೆಯ ಶಿಕ್ಷಣವೇ ಒಂದು ಕಾರಣ. 1959ರಲ್ಲಿ ಬಂದ ನಿಕಾನ್ ಎಫ್‌ನಂತಹ ಕ್ಯಾಮೆರಾದ ಷಟರ್ ಸ್ಪ್ರಿಂಗಿನ ಬಲದಿಂದಲೇ ನಡೆಯುತ್ತದೆ. ವಿದ್ಯುತ್ತಿಲ್ಲದ ಊರಿನಲ್ಲಿಯೂ ಅದು ನಿಲ್ಲದು. ಆದರೆ ಇಂತಹ ಪ್ರವಾಸಿಗಳು ಎರಡು ಎಚ್ಚರಗಳನ್ನು ಮರೆಯಬಾರದು. ಮಲೆನಾಡಿನ ಮಳೆಗಾಲದ ತೇವದಲ್ಲಿ ಮಸೂರದ ಮೇಲೆ ಬೂಷ್ಟು ಬೆಳೆದು ಗಾಜಿನ ಲೇಪವನ್ನೇ ಕೊರೆದುಬಿಡುತ್ತದೆ. ಕ್ಯಾಮೆರಾವನ್ನು ಸಿಲಿಕಾ ಜೆಲ್ಲಿನೊಡನೆ ಒಣ ಡಬ್ಬಿಯಲ್ಲಿಡಬೇಕು. ವಿಮಾನ ನಿಲ್ದಾಣದ ಕ್ಷಕಿರಣ ಯಂತ್ರವು ಹೆಚ್ಚು ವೇಗಾಂಕದ ಫಿಲ್ಮನ್ನು ಮಂಕಾಗಿಸಬಹುದು. ಅದನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುವಂತೆ ಕೇಳಿಕೊಳ್ಳಬೇಕು.

ಹಾರುವ ಕಣ್ಣು

ನೆಲದಿಂದ ಮೇಲೇರಿ ನೋಡುವ ಆಸೆ ಹೊಸದಲ್ಲ. ಫ್ರಾನ್ಸಿನ ನಾದಾರ್ 1858ರಲ್ಲಿ ಬೆಲೂನಿನಿಂದ ಛಾಯಾಚಿತ್ರ ತೆಗೆದನು. ಜರ್ಮನಿಯ ಔಷಧ ವ್ಯಾಪಾರಿ ಯೂಲಿಯಸ್ ನಾಯ್‌ಬ್ರೊನರ್ ಪಾರಿವಾಳಗಳ ಎದೆಗೆ ಪುಟ್ಟ ಕ್ಯಾಮೆರಾ ಕಟ್ಟಿ ಹಾರಿಬಿಟ್ಟು, ಆ ಉಪಾಯಕ್ಕೆ 1908ರಲ್ಲಿ ಹಕ್ಕುಪತ್ರವನ್ನೂ ಪಡೆದನು. ಪಾರಿವಾಳ ತನ್ನ ಇಷ್ಟದಂತೆ ಹಾರುತ್ತಿತ್ತು; ಡ್ರೋನ್ ನಮ್ಮ ಇಷ್ಟದಂತೆ ಹಾರುತ್ತದೆ. ಮುಖ್ಯ ವ್ಯತ್ಯಾಸ ಇಷ್ಟೆ.

ಡ್ರೋನಿನ ನಾಲ್ಕು ರೆಕ್ಕೆಚಕ್ರಗಳು ಗಾಳಿಯನ್ನು ಕೆಳಕ್ಕೆ ತಳ್ಳುತ್ತವೆ. ನ್ಯೂಟನ್ನನ ಮೂರನೆಯ ನಿಯಮದಂತೆ ಗಾಳಿ ಡ್ರೋನನ್ನು ಮೇಲಕ್ಕೆ ತಳ್ಳುತ್ತದೆ. ಎರಡು ಚಕ್ರಗಳು ಒಂದು ದಿಕ್ಕಿಗೂ ಇನ್ನೆರಡು ವಿರುದ್ಧ ದಿಕ್ಕಿಗೂ ತಿರುಗುವುದರಿಂದ ಅದು ಬುಗುರಿಯಂತೆ ಸುತ್ತದೆ ಸ್ಥಿರವಾಗಿ ನಿಲ್ಲುತ್ತದೆ. ಕ್ಯಾಮೆರಾದ ತೊಟ್ಟಿಲಿನಲ್ಲಿರುವ ಸೂಕ್ಷ್ಮ ಭ್ರಮಣದರ್ಶಕಗಳು ಪ್ರತಿಯೊಂದು ಓಲಾಟವನ್ನೂ ಅಳೆದು, ಪುಟ್ಟ ಮೋಟಾರುಗಳಿಂದ ಅದನ್ನು ಸರಿದೂಗಿಸುತ್ತವೆ.

ಮಸೂರದ ಹಳೆಯ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ. ಸಂಗಮದೂರ 8.8 ಮಿಲಿಮೀಟರ್, ಬೆಳಕು ಹಿಡಿಯುವ ಫಲಕದ ಅಗಲ 13.2 ಮಿಲಿಮೀಟರ್, ಆ ಅಗಲದಲ್ಲಿ 5472 ಬಿಂದುಗಳು ಎಂದಿಟ್ಟುಕೊಳ್ಳೋಣ. 100 ಮೀಟರ್ ಎತ್ತರದಿಂದ ಅಂತಹ ಡ್ರೋನಿಗೆ 150 ಮೀಟರ್ ಅಗಲದ ನೆಲ ಕಾಣುತ್ತದೆ. ಒಂದೊಂದು ಬಿಂದುವೂ ನೆಲದ ಸುಮಾರು 2.7 ಸೆಂಟಿಮೀಟರನ್ನು ಪ್ರತಿನಿಧಿಸುತ್ತದೆ. ಎತ್ತರ ಗೊತ್ತಿದ್ದರೆ ಚಿತ್ರವೇ ಅಳತೆಗೋಲಾಗುತ್ತದೆ. ಕಡಲಲ್ಲಿ ಈಜುವ ತಿಮಿಂಗಿಲದ ಉದ್ದವನ್ನೂ ದಪ್ಪವನ್ನೂ ವಿಜ್ಞಾನಿಗಳು ಹೀಗೆಯೇ ಅದನ್ನು ಮುಟ್ಟದೆ ಅಳೆಯುತ್ತಾರೆ. ಪ್ರಾಣಿಗಳ ಮೈಶಾಖದಿಂದ ಹೊಮ್ಮುವ, ಸುಮಾರು 10 ಮೈಕ್ರೊಮೀಟರ್ ತರಂಗದೂರದ ಅವಕೆಂಪು ಕಿರಣಗಳನ್ನು ಗ್ರಹಿಸುವ ಕ್ಯಾಮೆರಾವನ್ನು ಜೋಡಿಸಿದರೆ, ರಾತ್ರಿ ತೋಟಕ್ಕೆ ನುಗ್ಗುವ ಆನೆಗಳನ್ನೂ ಗುರುತಿಸಬಹುದು.

ಕರಡಿಯ ಎದೆಬಡಿತ

ಹಾಗಾದರೆ ದೂರದ ಸಮಸ್ಯೆ ಪೂರ್ತಿಯಾಗಿ ಬಗೆಹರಿಯಿತೇ? ಇಲ್ಲವೆಂಬುದಕ್ಕೆ ಅಮೆರಿಕದ ಮಿನೆಸೋಟದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸಾಕ್ಷಿಯಾಗಿದೆ. ಕಪ್ಪು ಕರಡಿಗಳ ದೇಹದಲ್ಲಿ ಎದೆಬಡಿತವನ್ನು ದಾಖಲಿಸುವ ಪುಟ್ಟ ಉಪಕರಣವನ್ನು ಇರಿಸಿ, ಅವುಗಳ ಮೇಲೆ ಡ್ರೋನ್ ಹಾರಿಸಲಾಯಿತು. ಹೆಚ್ಚಿನ ಸಂದರ್ಭಗಳಲ್ಲಿ ಕರಡಿಗಳು ಓಡಲಿಲ್ಲ. ನೋಡುವವರಿಗೆ ಅವು ನೆಮ್ಮದಿಯಾಗಿರುವಂತೆಯೇ ತೋರಿದುವು. ಆದರೆ ಎದೆಯೊಳಗಿನ ಕಥೆಯೇ ಬೇರೆಯಾಗಿತ್ತು. ಒಂದು ಕರಡಿಯ ಎದೆಬಡಿತ ನಿಮಿಷಕ್ಕೆ 123ರಷ್ಟು ಏರಿತ್ತು! ಪ್ರಾಣಿ ಸುಮ್ಮನಿದೆ ಎಂದ ಮಾತ್ರಕ್ಕೆ ಅದಕ್ಕೆ ತೊಂದರೆಯಾಗಿಲ್ಲವೆಂದು ತಿಳಿಯುವುದು ಎಷ್ಟು ತಪ್ಪೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅದೇ ವರ್ಷ ಪ್ರಕಟವಾದ ಫ್ರಾನ್ಸಿನ ಪ್ರಯೋಗವೊಂದು ಇನ್ನೊಂದು ಮುಖವನ್ನು ತೋರಿಸಿತು. ರಾಜಹಂಸ ಮೊದಲಾದ ನೀರುಹಕ್ಕಿಗಳ ಬಳಿಗೆ ಡ್ರೋನನ್ನು ಎಚ್ಚರದಿಂದ ಒಯ್ದಾಗ, 100ಕ್ಕೆ 80 ಸಲ ಹಕ್ಕಿಗಳು ನಾಲ್ಕು ಮೀಟರಿನವರೆಗೂ ಹೊರನೋಟಕ್ಕೆ ಬೆದರಲಿಲ್ಲ. ನೆತ್ತಿಯ ಮೇಲಿನಿಂದ ನೇರವಾಗಿ ಇಳಿದಾಗ ಮಾತ್ರ ಹೆಚ್ಚು ಬೆದರಿದುವು. ಮೇಲಿನಿಂದ ಎರಗುವುದು ಹದ್ದು ಗಿಡುಗಗಳ ರೀತಿಯಲ್ಲವೆ?

ಅಚಾತುರ್ಯದ ಫಲ ಎಷ್ಟು ಘೋರವಾಗಬಹುದೆಂಬುದು ಕ್ಯಾಲಿಫೋರ್ನಿಯದ ಬೋಲ್ಸಾ ಚಿಕಾ ರಕ್ಷಿತ ಪ್ರದೇಶದಲ್ಲಿ 2021ರ ಮೇ ತಿಂಗಳಲ್ಲಿ ಕಂಡುಬಂದಿತು. ಅಲ್ಲಿ ಹಾರಿಸುವುದು ನಿಷಿದ್ಧವಾಗಿದ್ದರೂ ಯಾರೋ ಹಾರಿಸಿದ ಡ್ರೋನೊಂದು ರೀವಗಳು ಮೊಟ್ಟೆಯಿಟ್ಟಿದ್ದ ಮರಳುದಿಬ್ಬದ ಮೇಲೆ ಬಿದ್ದಿತು. ಬೇಟೆಯ ಹಕ್ಕಿ ಎರಗಿತೆಂದು ಬೆದರಿದ ಸುಮಾರು 3,000 ಹಕ್ಕಿಗಳು ಎದ್ದು ಹೋದುವು, ಮರಳಿ ಬರಲಿಲ್ಲ. 1,500ಕ್ಕಿಂತ ಹೆಚ್ಚು ಮೊಟ್ಟೆಗಳು ತಾಯಿಯ ಕಾವಿಲ್ಲದೆ ಹಾಳಾದುವು. ಟಾಂಜಾನಿಯದಲ್ಲಿಯಂತೂ ಬೆಳೆಗೆ ನುಗ್ಗುವ ಆನೆಗಳನ್ನು ಕಾಡಿಗೆ ಅಟ್ಟಲು ಡ್ರೋನನ್ನೇ ಬಳಸಿ ಸಫಲರಾಗಿದ್ದಾರೆ. ಆನೆಯನ್ನು ಓಡಿಸಬಲ್ಲ ಯಂತ್ರದಿಂದ ಆನೆಯ ಸಹಜ ಬದುಕನ್ನು ಚಿತ್ರಿಸುತ್ತೇವೆಂದು ಹೊರಡುವವರು ಎಷ್ಟು ಎಚ್ಚರದಿಂದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಈ ಎಚ್ಚರಕ್ಕೂ ಭೌತಶಾಸ್ತ್ರ ನೆರವಾಗುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. 10 ಮೀಟರಿನಲ್ಲಿದ್ದ ಡ್ರೋನ್ 100 ಮೀಟರಿಗೆ ಸರಿದರೆ 20 ಡೆಸಿಬೆಲ್ ಕಡಮೆಯಾಗುತ್ತದೆ. ಎಂದರೆ ಶಬ್ದದ ತೀವ್ರತೆ ನೂರನೆಯ ಒಂದು ಪಾಲಾಗುತ್ತದೆ. ದೂರದಲ್ಲಿ ಮೇಲೇರಿಸಿ, ಓರೆಯಾಗಿ ನಿಧಾನವಾಗಿ ಸಾಗಿಸಿ, ಉದ್ದನೆಯ ಮಸೂರದಿಂದ ನೋಡುವುದೇ ಸರಿಯಾದ ಕ್ರಮ. ಗೂಡುಕಟ್ಟುವ ಕಾಲದಲ್ಲಿ ಹಾರಿಸದಿರುವುದೇ ಮೇಲು. ನಮ್ಮ ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲವೆಂಬುದನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು.

ಪಟ್ಟೆಗಳ ಎಣಿಕೆ

ಇನ್ನು ಚಾಂಪಿಯನ್ನನ ತಂತಿಯ ಕಡೆಗೆ ತಿರುಗೋಣ. 1990ರ ದಶಕದ ಆರಂಭದಲ್ಲಿ ನಮ್ಮ ನಾಗರಹೊಳೆಯ ಕಾಡಿನಲ್ಲಿ ಡಾ. ಉಲ್ಲಾಸ ಕಾರಂತರು ಹುಲಿಯ ದಾರಿಯ ಎರಡು ಪಕ್ಕಗಳಲ್ಲಿಯೂ ತಾವಾಗಿಯೇ ಚಿತ್ರ ತೆಗೆಯುವ ಫಿಲ್ಮ್ ಕ್ಯಾಮೆರಾಗಳನ್ನು ಇರಿಸಿದರು. ಹುಲಿಯ ಎಡಮೈಯ ಪಟ್ಟೆಗಳು ಬಲಮೈಯ ಪಟ್ಟೆಗಳಂತಿರುವುದಿಲ್ಲವಾದುದರಿಂದ ಎರಡು ಕ್ಯಾಮೆರಾಗಳು ಬೇಕಾದುವು. ಈ ಚಿತ್ರಗಳಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ಕ್ರಮವನ್ನು ಅವರು 1995ರಲ್ಲಿ ಪ್ರಕಟಿಸಿದರು.

ಕಾಣದ ಹುಲಿಗಳನ್ನು ಎಣಿಸುವುದು ಹೇಗೆಂದು ನೀವು ಕೇಳಬಹುದು. ಒಂದು ಚೀಲದ ತುಂಬ ಅವರೆಕಾಳುಗಳಿವೆ ಎನ್ನಿ. 20 ಕಾಳುಗಳನ್ನು ತೆಗೆದು, ಗುರುತುಮಾಡಿ, ಮತ್ತೆ ಚೀಲಕ್ಕೆ ಹಾಕಿ ಕಲಸಿರಿ. ಎರಡನೆಯ ಸಲ 30 ಕಾಳುಗಳನ್ನು ತೆಗೆದಾಗ ಅವುಗಳಲ್ಲಿ 6 ಗುರುತಿನವು ಬಂದರೆ, ಐದರಲ್ಲೊಂದು ಕಾಳಿಗೆ ಗುರುತಿದೆಯೆಂದಾಯಿತು. ಆದುದರಿಂದ ಚೀಲದಲ್ಲಿರುವ ಒಟ್ಟು ಕಾಳುಗಳು ಸುಮಾರು 100. ಹುಲಿಗೆ ಗುರುತು ಹಾಕಬೇಕಾಗಿಲ್ಲ. ಅದು ಹುಟ್ಟುತ್ತಲೇ ಗುರುತನ್ನು ಹೊತ್ತು ಬಂದಿದೆ. ಕಾಡಿನಲ್ಲಿ ಬಳಸುವ ಗಣಿತ ಇದಕ್ಕಿಂತ ಜಟಿಲವಾದುದು; ತತ್ತ್ವ ಮಾತ್ರ ಇದೇ.

ಇದೇ ತತ್ತ್ವದ ಮೇಲೆ 2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ 26,838 ಸ್ಥಳಗಳಲ್ಲಿ ಕ್ಯಾಮೆರಾಗಳನ್ನು ಇರಿಸಲಾಯಿತು. ಅವು ತೆಗೆದ ಚಿತ್ರಗಳು 3 ಕೋಟಿ 48 ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಹುಲಿಯ ಚಿತ್ರಗಳು 76,651. ಆ ಕ್ಯಾಮೆರಾಗಳ ಬಳಿ ಚಿತ್ರ ತೆಗೆಯುವವರು ಯಾರೂ ಇರಲಿಲ್ಲ. ಹುಲಿಯು ತನ್ನ ದಾರಿಯಲ್ಲಿ ತಾನು ನಡೆದುಹೋಯಿತು, ಅಷ್ಟೆ.

ಚಿತ್ರ ತೆಗೆಯಲು ಕಲಿಯಬೇಕೆನ್ನುವ ವಿದ್ಯಾರ್ಥಿ ಹುಲಿಗಾಗಿ ಕಾಯಬೇಕಾಗಿಲ್ಲ. ಊರಕೆರೆಯ ಮಿಂಚುಳ್ಳಿ ದಿನವೂ ಅದೇ ಕೊಂಬೆಗೆ ಬಂದು ಕೂರುತ್ತದೆ. ಕೈಗೆ ಸಿಕ್ಕಿದ ಕ್ಯಾಮೆರಾದೊಡನೆ ದೂರದಲ್ಲಿ ಕುಳಿತು, ಮೊದಲ ಕೆಲವು ದಿನ ಚಿತ್ರವನ್ನೇ ತೆಗೆಯದೆ, ಅದು ಯಾವ ಹೊತ್ತಿಗೆ ಬರುತ್ತದೆ, ನೀವು ಎಷ್ಟು ಹತ್ತಿರ ಬಂದರೆ ತಲೆಯೆತ್ತಿ ನೋಡುತ್ತದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಅದು ತಲೆಯೆತ್ತಿದ ದೂರಕ್ಕಿಂತ ನಾಲ್ಕು ಹೆಜ್ಜೆ ಹಿಂದೆ ನಿಮ್ಮ ಸ್ಥಾನವಿದೆ.